ಶಾಲ್ಮಲಾ: ಹೊಳೆಯ ಹೆಸರು, ಕೂಸಿನ ಹೆಸರು



ಹೆಸರುಗಳ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ ಅವರ ಮನಸ್ಸಿನಲ್ಲಿ ಊರುಗಳ ಹೆಸರೋ ಮನೆತನಗಳ ಹೆಸರೋ ಇದ್ದಿರಬೇಕು. ನಾನು ಒಂದೇ ಒಂದು ಹೆಸರು ಹಿಡಿದು ಬಂದಿದ್ದೇನೆ: ಶಾಲ್ಮಲಾ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಈ ಶಬ್ದ ಕೇಳದವರಿಲ್ಲ. ಈ ಹೆಸರಿನ ಹೆಣ್ಣುಮಗಳನ್ನು ಕಂಡವರು ಮಾತ್ರ ಕಡಿಮೆ.

ಸೋಂದಾ ಕಡೆಯ ಒಂದು ಮನೆಯ ನಾಮಕರಣಕ್ಕೆ ಹೋಗಿದ್ದೆ. ಹರಿವಾಣದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರು ಬರೆದಾಯಿತು, ಮಗುವಿನ ಕಿವಿಯಲ್ಲಿ ಹೇಳಿದ್ದೂ ಆಯಿತು. ಕಂಬಕ್ಕೆ ಒರಗಿ ಕುಳಿತಿದ್ದ ಮುತ್ತಜ್ಜಿ ಮೊಮ್ಮಗನನ್ನು ಕರೆದು ಕೇಳಿದರು: "ಅದು ಹೊಳೆ ಹೆಸ್ರು ಅಲ್ದನೋ ತಮಾ, ಕೂಸಿಗೆ ಎಂತ ಹೆಸ್ರು ಇಟ್ಟೆ?"

ಅಜ್ಜಿಯ ಪ್ರಶ್ನೆಗೆ ಎಲ್ಲರೂ ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ. ಅವರ ವಾರಗೆಯವರಲ್ಲಿ ಹೊಳೆಯ ಹೆಸರಿನವರೇ ತುಂಬಿದ್ದರು: ಗಂಗೆ, ಭಾಗೀರಥಿ, ಗೋದಾವರಿ, ನರ್ಮದೆ, ಕಾವೇರಿ. ಹಾಗಾದರೆ ಅವರಿಗೆ ತೊಡಕಾದದ್ದು ಎಲ್ಲಿ? ಆ ಹೊಳೆಗಳೆಲ್ಲ ಸ್ನಾನದ ಶ್ಲೋಕದಲ್ಲೋ ಪುರಾಣದಲ್ಲೋ ಇರುವವು, ಕಾಶಿಗೋ ನಾಸಿಕಕ್ಕೋ ಹೋದವರು ತಂಬಿಗೆಯಲ್ಲಿ ತುಂಬಿ ತರುವ ನೀರು. ತೋಟದ ಕೆಳಗೆ ಹರಿಯುವ ನೀರಿಗೆ ಆ ಮರ್ಯಾದೆ ಇರಲಿಲ್ಲ. ಅಲ್ಲಿ ಬಟ್ಟೆ ಒಗೆಯುತ್ತಾರೆ, ಎಮ್ಮೆ ಮೀಯಿಸುತ್ತಾರೆ. ಅದರ ಹೆಸರನ್ನು ಮಗುವಿಗೆ ಇಡುವುದು ಅವರಿಗೆ ತೋಚುವ ಸಂಗತಿಯೇ ಅಲ್ಲ. ಶರಾವತಿ ಒಂದೇ ಈ ಗೆರೆ ದಾಟಿದ್ದು. ಅಂಬುತೀರ್ಥದಲ್ಲಿ ರಾಮನ ಬಾಣದ ಕಥೆ ಅದಕ್ಕೆ ಅಂಟಿಕೊಂಡಿದೆ, ಹಾಗಾಗಿ ಸಿದ್ದಾಪುರದ ಸೀಮೆಯಲ್ಲಿ ಶರಾವತಿ ಅತ್ತೆ, ಶರಾವತಕ್ಕ ಯಾರಿಗೂ ಹೊಸಬರಲ್ಲ. ಅಘನಾಶಿನಿಯ ಗತಿ ನೋಡಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕುವ ಹೊಳೆ, ಪಾಪ ಕಳೆಯುವವಳು ಎಂಬ ಅರ್ಥ. ಇದಕ್ಕಿಂತ ಮಂಗಳ ಬೇಕೆ? ಆದರೂ ಮಗುವನ್ನು ಕರೆಯುವಾಗ ಬಾಯಿಗೆ ಮೊದಲು ಬರುವುದು ಪಾಪ, ಆಮೇಲೆ ನಾಶ. ಯಾವ ತಾಯಿ ಕರೆದಾಳು? ಯಲ್ಲಾಪುರದ ಬೇಡ್ತಿಯ ಮಾತೇ ಬೇಡ, ಅದು ಮಾಗೋಡಿನಲ್ಲಿ ಎಷ್ಟು ಚೆಂದ ಬಿದ್ದರೂ ತೊಟ್ಟಿಲ ತನಕ ಬರಲಿಲ್ಲ.

ಘಟ್ಟದ ಕೆಳಗೆ ಇದೇ ಬೇಡ್ತಿ ಗಂಗಾವಳಿಯಾಗಿ ಅಂಕೋಲೆಯ ಸೀಮೆಗೆ ಇಳಿಯುತ್ತದೆ. ಹಿಂದೆ ನಮ್ಮ ಹೆಣ್ಣುಮಕ್ಕಳಿಗೆ ಮದುವೆಯ ದಿನ ಹೆಸರು ಬದಲಾಗುತ್ತಿತ್ತಲ್ಲ, ಹಾಗೆ ಈ ಹೊಳೆಗೂ ಸಮುದ್ರದ ಮನೆ ಸೇರುವ ಹೊತ್ತಿಗೆ ಬೇರೆ ಹೆಸರು. ಅಲ್ಲಿನ ಹಾಲಕ್ಕಿಗಳು ಹೆಸರಿಗಾಗಿ ಪುರಾಣ ತಡಕಲಿಲ್ಲ. ಹುಟ್ಟಿದ ವಾರ, ಅಂಗಳದ ಗಿಡ ಅವರಿಗೆ ಸಾಕಿತ್ತು. ಸೋಮಿ, ಸುಕ್ರಿ, ತುಳಸಿ. ಆ ಪೈಕಿ ಸುಕ್ರಿ ಬೊಮ್ಮಗೌಡ ಮತ್ತು ತುಳಸಿ ಗೌಡ ಎಂಬ ಎರಡು ಹೆಸರುಗಳು ಪದ್ಮಶ್ರೀಯ ಪಟ್ಟಿಯ ತನಕ ಹೋದವು. ಮನೆಯ ಸುತ್ತಲಿನದನ್ನೇ ಮಗುವಿಗೆ ಕೊಡುವ ಧೈರ್ಯ ಘಟ್ಟದ ಕೆಳಗೆ ಮೊದಲಿನಿಂದಲೂ ಇತ್ತು. ಘಟ್ಟದ ಮೇಲಿನವರಾದ ನಮಗೆ ಅದು ತಡವಾಗಿ ಬಂತು ಎಂಬುದೇ ನಾನು ಇವತ್ತು ಹೇಳಬೇಕೆಂದಿರುವುದು.

ಶಾಸ್ತ್ರ ಅಡ್ಡ ಬಂತೇ? ಬರಬಹುದಿತ್ತು. ನಕ್ಷತ್ರದ, ಮರದ, ನದಿಯ ಹೆಸರಿನ ಕನ್ಯೆಯನ್ನು ವರಿಸಬಾರದು ಎಂದು ಮನುಸ್ಮೃತಿಯ ಮೂರನೇ ಅಧ್ಯಾಯ ಹೇಳುತ್ತದೆ. ಅದನ್ನು ಪಾಲಿಸಿದ್ದರೆ ರೋಹಿಣಿ, ರೇವತಿ, ತುಳಸಿ, ಗಂಗೆ ಯಾರಿಗೂ ಗಂಡು ಸಿಗಬಾರದಿತ್ತು. ನಮ್ಮ ಹಿರಿಯರು ಆ ಶ್ಲೋಕವನ್ನು ಓದಿ ಪಕ್ಕಕ್ಕಿಟ್ಟಿದ್ದರು ಅನ್ನುವುದಕ್ಕೆ ಪ್ರತಿ ಮನೆಯ ವಂಶವೃಕ್ಷವೇ ಸಾಕ್ಷಿ. ಅದೇ ಮನು ಎರಡನೇ ಅಧ್ಯಾಯದಲ್ಲಿ, ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿರಬೇಕು, ಕೊನೆಯಲ್ಲಿ ದೀರ್ಘ ಸ್ವರ ಬರಬೇಕು ಎನ್ನುತ್ತಾನೆ. ಹೆಣ್ಣಿನ ಹೆಸರಿಗೆ ಅಕ್ಷರಗಳು ಬೆಸ ಸಂಖ್ಯೆಯಲ್ಲಿರಲಿ ಎಂದು ಆಶ್ವಲಾಯನ ಗೃಹ್ಯಸೂತ್ರ. ಶಾಲ್ಮಲಾ ಮೂರಕ್ಷರ, ಕೊನೆಯಲ್ಲಿ ದೀರ್ಘ; ಲೆಕ್ಕಕ್ಕೆ ಸರಿ. ನಾಲ್ಕಕ್ಷರದ ಭಾಗೀರಥಿ, ಗೋದಾವರಿಗಳೇ ಈ ಲೆಕ್ಕದಲ್ಲಿ ನಪಾಸು! ಉಚ್ಚಾರ ಸುಲಭವೇ ಎಂದರೆ, ಲಕಾರ ಮಕಾರಗಳ ಒತ್ತಿನಲ್ಲಿ ನಾಲಿಗೆ ಒಮ್ಮೆ ಎಡವುತ್ತದೆ. ಅದಕ್ಕೇ ಮನೆಯಲ್ಲಿ ಅವಳು ಎರಡೇ ದಿನಕ್ಕೆ ಶಾಲು ಆಗಿಬಿಡುತ್ತಾಳೆ.

ಹೊಳೆಯ ಕಡೆಗೆ ಬರೋಣ. ಶಾಲ್ಮಲಾ ಒಂದಲ್ಲ, ಎರಡು. ಧಾರವಾಡದ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವುದು ಒಂದು, ಶಿರಸಿಯ ಕಾಡಿನದು ಇನ್ನೊಂದು. ಎರಡೂ ಕೊನೆಗೆ ಬೇಡ್ತಿಯನ್ನೇ ಸೇರುತ್ತವೆ. ನಮ್ಮ ಶಾಲ್ಮಲೆಯನ್ನು ಸುತ್ತಲಿನವರು ಸೋಂದಾ ಹೊಳೆ ಎಂದೇ ಕರೆದುಕೊಂಡು ಬಂದವರು. ಸಂಸ್ಕೃತದ ಹೆಸರು ಸಂಕಲ್ಪಕ್ಕೆ, ಸ್ಥಳಪುರಾಣಕ್ಕೆ ಮಾತ್ರ. ಅದರ ಪಾತ್ರದ ಬಂಡೆಗಳಲ್ಲೇ ಸಹಸ್ರಲಿಂಗ ಇರುವುದು. 17ನೇ ಶತಮಾನದ ಕೊನೆಗೆ ಆಳಿದ ಸೋಂದೆಯ ಅರಸ ಸದಾಶಿವರಾಯ ಸಂತಾನಕ್ಕಾಗಿ ಹರಕೆ ಹೊತ್ತು ಕೆತ್ತಿಸಿದ ಎಂಬ ಪ್ರತೀತಿ. ಬೇಸಿಗೆಯಲ್ಲಿ ನೀರು ಇಳಿದಾಗ ಒಂದೊಂದು ಬಂಡೆಯ ನೆತ್ತಿಯಲ್ಲೂ ಲಿಂಗ, ಎದುರಿಗೆ ಬೆನ್ನು ಸವೆದ ನಂದಿ. ಶಿವರಾತ್ರಿಗೆ ಜನ ಬಂಡೆಯಿಂದ ಬಂಡೆಗೆ ಹಾರಿ ತಾವೇ ನೀರೆರೆಯುತ್ತಾರೆ, ನಡುವೆ ಪೂಜಾರಿಯಿಲ್ಲ. ಮಕ್ಕಳಿಗಾಗಿ ಹರಕೆ ಹೊತ್ತ ಹೊಳೆಯೆಂದ ಮೇಲೆ ಆ ಹೆಸರು ಮಕ್ಕಳಿಗೆ ಬರಲು ಮುನ್ನೂರು ವರ್ಷ ಹಿಡಿದದ್ದು ಸೋಜಿಗ.

ತಡೆ ಕಳಚಿದ್ದು ಹೇಗೆ ಎಂಬುದಕ್ಕೆ ನನ್ನ ಅಂದಾಜು ಹೀಗಿದೆ. ಬೇಡ್ತಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅಡಿಕೆ ಬೆಳೆಗಾರರು ಎದ್ದು ನಿಂತರು. 1981ರ ಜನವರಿಯಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿತು. ಯೋಜನೆ ಮೂಲೆಗೆ ಸರಿಯಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಾಸೆಯ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಆ ತನಕ ಹೊಳೆ ಎಂದರೆ ಹೊಳೆ ಅಷ್ಟೇ. ಕಳೆದುಹೋಗಬಹುದು ಎಂದು ಗೊತ್ತಾದ ಮೇಲೆ ಅದರ ಹೆಸರು ಭಾಷಣಕ್ಕೆ, ಕರಪತ್ರಕ್ಕೆ, ಶಾಲೆಯ ಪ್ರಬಂಧಕ್ಕೆ ಬಂತು. ಅತ್ತ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ಕವನ ಸಂಕಲನಕ್ಕೆ 'ಶಾಲ್ಮಲಾ ನನ್ನ ಶಾಲ್ಮಲಾ' ಎಂದು ಹೆಸರಿಟ್ಟರು. ಅಲ್ಲಿ ಹೊಳೆ ಪ್ರೇಯಸಿಯಾಯಿತು, ಭಾವಗೀತೆಯಾಗಿ ಮನೆಮನೆಗೂ ಹೋಯಿತು. ಅವರು ಬರೆದದ್ದು ತಮ್ಮ ಧಾರವಾಡದ ಶಾಲ್ಮಲೆಯನ್ನು. ಲಾಭ ಆದದ್ದು ನಮ್ಮದಕ್ಕೂ. ಕ್ಯಾಸೆಟ್ಟಿನಲ್ಲಿ ಆ ಹಾಡು ಕೇಳಿ ಬೆಳೆದವರು ಅಪ್ಪ ಅಮ್ಮ ಆದಾಗ ಈ ಹೆಸರು ಅವರ ಬಾಯಲ್ಲಿ ಆಗಲೇ ಪಳಗಿತ್ತು.

ಮರಾಠಿಗರಲ್ಲಿ ಶಾಲ್ಮಲಿ ಎಂಬ ರೂಪ ನಮಗಿಂತ ಹೆಚ್ಚು ಬಳಕೆಯಲ್ಲಿದೆ. 2012ರಲ್ಲಿ 'ಇಷಕ್‌ಜಾದೇ' ಚಿತ್ರಕ್ಕೆ ಹಾಡಿದ ಶಾಲ್ಮಲಿ ಖೋಲ್ಗಡೆಯಿಂದ ಆ ರೂಪ ಇನ್ನಷ್ಟು ಕಿವಿಗೆ ಬಿತ್ತು. ಈಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ನಮ್ಮ ಮಕ್ಕಳು ಮೊಬೈಲಿನಲ್ಲಿ ಹೆಸರು ಹುಡುಕುತ್ತಾರೆ. ಶತಭಿಷದ ಎರಡನೇ ಪಾದಕ್ಕೆ 'ಸಾ' ಬಂತೆಂದರೆ 'ಶಾ' ಕೂಡ ನಡೆಯುತ್ತದೆ ಎನ್ನುತ್ತಾರೆ ಪುರೋಹಿತರು. ಯಾರಿಗೂ ಇಲ್ಲದ ಹೆಸರು ಬೇಕು, ಊರಿನ ನೆನಪೂ ಇರಬೇಕು. ಎರಡನ್ನೂ ಒಟ್ಟಿಗೆ ಕೊಡುವ ಹೆಸರು ಸಿಗುವುದು ಅಪರೂಪ. ಎಲ್ಲರೂ ಹೀಗೇ ಹುಡುಕಿದರೆ ಇನ್ನು ಹದಿನೈದು ವರ್ಷಕ್ಕೆ ಒಂದೇ ತರಗತಿಯಲ್ಲಿ ಮೂವರು ಶಾಲ್ಮಲೆಯರು ಸಿಕ್ಕರೂ ಸಿಕ್ಕಾರು.

ಅರ್ಥ ಕೇಳುವವರಿಗೆ ಮಾತ್ರ ಸ್ವಲ್ಪ ಕಷ್ಟ. ಸಂಸ್ಕೃತದಲ್ಲಿ ಶಾಲ್ಮಲಿ ಎಂದರೆ ಬೂರುಗದ ಮರ. ಎಳೆಯ ಕಾಂಡದ ತುಂಬ ದಪ್ಪ ಬುಡದ ಮುಳ್ಳು, ಶಿವರಾತ್ರಿಯ ಆಸುಪಾಸಿಗೆ ಒಂದೂ ಎಲೆಯಿಲ್ಲದ ಕೊಂಬೆಗಳ ಮೇಲೆ ಅಂಗೈಯಗಲದ ಕೆಂಪು ಹೂ. ನೆಲಕ್ಕೆ ಬಿದ್ದರೆ ತಪ್ಪೆಂದು ಸದ್ದಾಗುವಷ್ಟು ಭಾರ. ಕಾಯಿ ಒಡೆದರೆ ಒಳಗೆ ಹತ್ತಿ, ನಮ್ಮ ಅಜ್ಜಿಯರು ತಲೆದಿಂಬಿಗೆ ತುಂಬುತ್ತಿದ್ದದ್ದು. ಹಣ್ಣಾದೀತೆಂದು ಕಾದು ಕುಳಿತ ಗಿಳಿಗೆ ಬರೀ ಹತ್ತಿ ಸಿಕ್ಕ ಕಥೆ ನಿಮಗೆಲ್ಲ ಗೊತ್ತು. ಮಹಾಭಾರತದ ಶಾಂತಿಪರ್ವದಲ್ಲಿ ಇದೇ ಮರ ನಾರದನೆದುರು ಜಂಬ ಕೊಚ್ಚಿ, ಗಾಳಿ ಬರುವ ಮೊದಲೇ ಹೆದರಿ ತನ್ನ ಕೊಂಬೆಗಳನ್ನು ತಾನೇ ಉದುರಿಸಿಕೊಂಡಿತು. ಭಾಗವತದ ನರಕಗಳ ಪಟ್ಟಿಯಲ್ಲಿ ಮುಳ್ಳಿನ ಶಾಲ್ಮಲಿಯೂ ಒಂದು. ಹೆಸರಿಡುವ ಮನೆಯಲ್ಲಿ ಹೇಳುವ ಮಾತೇ ಇದು?

ಹೇಳಬಹುದಾದದ್ದೂ ಇದೆ. ಋಗ್ವೇದದ ಹತ್ತನೇ ಮಂಡಲದ ವಿವಾಹಸೂಕ್ತದಲ್ಲಿ ಸೂರ್ಯೆ ಏರಿ ಹೊರಡುವ ಮದುವಣಗಿತ್ತಿಯ ರಥವನ್ನು ವರ್ಣಿಸುವಾಗ ಮುತ್ತುಗದ ಜೊತೆಗೆ ಬೂರುಗವೂ ಬರುತ್ತದೆ. ಅಮರಕೋಶದ ವನೌಷಧಿವರ್ಗ ಈ ಮರಕ್ಕೆ ಕೊಡುವ ಪರ್ಯಾಯಗಳಲ್ಲಿ 'ಸ್ಥಿರಾಯು' ಒಂದು, ದೀರ್ಘಕಾಲ ಬಾಳುವುದು. ನಾಮಕರಣದ ಹಿಂದಿನ ದಿನ ಫೋನು ಮಾಡಿ "ಮಾಸ್ತರೇ, ಈ ಹೆಸರು ಅಡ್ಡಿಲ್ಯ?" ಎಂದು ಕೇಳುವವರಿಗೆ ನಾನು ರಥ, ಆಯುಷ್ಯ, ನರಕ ಎಲ್ಲವನ್ನೂ ಹೇಳಿಬಿಡುತ್ತೇನೆ. ಅವರು ಸಮಾಧಾನದಿಂದ ಪೂರಾ ಕೇಳಿ, "ನಂಗ ಹೊಳೆ ಹೆಸ್ರು ಅಂತ ಇಡದು" ಎನ್ನುತ್ತಾರೆ.