ಮುಪ್ಪಿನ ಕಾಲಕ್ಕೆ ಯಾವ ಕಾರ್ಡು, ಯಾವ ಪಾಲಿಸಿ?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ, ಸಂಘದ ಸದಸ್ಯರೂ ನಿವೃತ್ತ ಶಿಕ್ಷಕರೂ ಆದವರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಂಥ ಸಂತೋಷದ ದಿನ ಬ್ಯಾನಿ, ದವಾಖಾನಿ ಮಾತು ಯಾಕೆ ತೆಗೀತಾನ ಈ ಮಾಸ್ತರ ಅಂತ ನೀವು ಅನ್ನಬಹುದು. ಆದರೆ ಸಂಘ ಹುಟ್ಟಿದಾಗ ನಲವತ್ತರ ಆಸುಪಾಸು ಇದ್ದ ನಾವೆಲ್ಲ ಇಂದು ಅರವತ್ತು ದಾಟಿದ್ದೇವೆ. ಕೂಡಿಟ್ಟ ರೊಕ್ಕ ಬ್ಯಾನಿಗೆ ಹೋಗುವ ಕಾಲ ಇದು. ಆದ್ದರಿಂದ ಮೊದಲು ನನ್ನ ಮನೆಯ ಮಾತನ್ನೇ ಹೇಳುತ್ತೇನೆ.

ನಾನು ನಿವೃತ್ತನಾದ ಮೇಲೆ 2019ರಲ್ಲಿ ಒಬ್ಬ ಏಜೆಂಟರು ಮನೆಗೆ ಬಂದರು. ಗಂಡ-ಹೆಂಡತಿ ಇಬ್ಬರಿಗೂ ಕೂಡಿ ಆರೋಗ್ಯ ವಿಮೆ ಮಾಡಿಸಿದೆ. ಅರ್ಜಿಯಲ್ಲಿ "ಬಿ.ಪಿ., ಸಕ್ಕರೆ ಕಾಯಿಲೆ ಇದೆಯೆ?" ಎಂಬ ಪ್ರಶ್ನೆ ಇತ್ತು. ನಮ್ಮ ಮನೆಯಾಕೆಗೆ ಎರಡೂ ಇದ್ದವು. "ಮಾಸ್ತರ್ರ, ಇಲ್ಲ ಅಂತ ಬರೀತೀನಿ, ಕಂತು ಕಡಿಮಿ ಆಗ್ತದ" ಅಂದರು. ನಾನು ಸಹಿ ಮಾಡಿದೆ. 2021ರಲ್ಲಿ ಆಕೆಗೆ ಎದೆನೋವು ಬಂತು, ಸ್ಟೆಂಟ್ ಹಾಕಬೇಕಾಯಿತು. ಕಂಪನಿಯವರು ಹಳೆಯ ಔಷಧ ಚೀಟಿ ತರಿಸಿ ನೋಡಿದರು. ಮುಚ್ಚಿಟ್ಟಿದ್ದೀರಿ ಎಂದು ಬರೆದು ಕ್ಲೇಮು ತಿರಸ್ಕರಿಸಿದರು. ಎರಡು ಲಕ್ಷದ ಮೇಲೆ ಖರ್ಚಾಯಿತು. ಅದರಲ್ಲಿ ಒಂದು ಲಕ್ಷ ಇದೇ ಸಂಘದಿಂದ ಸಾಲ ಪಡೆದದ್ದು. ಏಜೆಂಟರನ್ನು ಬೈಯುವುದು ಸುಲಭ. ಆದರೆ ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಜೀವಮಾನವಿಡೀ ಹೇಳಿದವನು ನಾನು, ಆ ಕಾಗದದ ಮೇಲಿನ ಸಹಿಯೂ ನನ್ನದೇ.

ಆ ಪೆಟ್ಟು ಬಿದ್ದ ಮೇಲೆ ಕುಳಿತು ಓದಿದೆ, ತಿಳಿದವರನ್ನು ಕೇಳಿದೆ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ. ನಮ್ಮ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಸರಕಾರದ ಕಾರ್ಡು. ಬಿ.ಪಿ.ಎಲ್. ಕುಟುಂಬಗಳಿಗೆ ದೊಡ್ಡ ಕಾಯಿಲೆಯ ಚಿಕಿತ್ಸೆ ಕೊಡುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಆರಂಭವಾದದ್ದು ನಮ್ಮ ಗುಲಬರ್ಗಾ ವಿಭಾಗದಲ್ಲಿಯೇ. 2018ರಲ್ಲಿ ಇಂಥ ಯೋಜನೆಗಳೆಲ್ಲ ಒಂದಾಗಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಯಿತು. ಇದಕ್ಕೆ ಕಂತು ಇಲ್ಲ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ಸರಕಾರ ಗೊತ್ತು ಮಾಡಿದ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮೀರದಂತೆ. ಮೊದಲು ಸರಕಾರಿ ದವಾಖಾನಿ. ಅಲ್ಲಿ ಆಗದಿದ್ದರೆ ಅವರ ಚೀಟಿ ಪಡೆದು ಮುಂದಿನ ಆಸ್ಪತ್ರೆ. ತುರ್ತು ಇದ್ದರೆ ಮಾತ್ರ ನೇರ ಹೋಗಬಹುದು. 70 ವರ್ಷ ದಾಟಿದವರಿಗೆ ಆದಾಯ ನೋಡದೆ ಕೊಡುವ ವಯ ವಂದನಾ ಕಾರ್ಡನ್ನು ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಆದರೆ ಪೇಪರಿನ್ಯಾಗ ಓದಿದೆ ಅಂತ ನಂಬಿ ಕೂಡಬ್ಯಾಡ್ರಿ. ನೀವು ಹೋಗುವ ದವಾಖಾನ್ಯಾಗ ಯಾವ ಕಾರ್ಡು ನಡೀತದ ಅಂತ ಅಲ್ಲಿಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿರಿ.

ಎರಡನೆಯದು ನಮ್ಮದೇ ಆದ ಯಶಸ್ವಿನಿ. ಡಾ. ದೇವಿ ಶೆಟ್ಟಿಯವರ ವಿಚಾರದಿಂದ ಹುಟ್ಟಿ, 2003ರ ಜೂನ್‌ನಿಂದ ಸಹಕಾರಿ ರೈತರಿಗಾಗಿ ನಡೆದ ಯೋಜನೆ ಇದು. ಆಗ ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ನಮ್ಮೂರಿನವರೇ ಆದ ಧರ್ಮಸಿಂಗ್ ಅವರು 2004ರಲ್ಲಿ ಮುಖ್ಯಮಂತ್ರಿಗಳಾದಾಗ ಈ ಯೋಜನೆಗೆ ಒಂದು ವರ್ಷ ತುಂಬುತ್ತಿತ್ತು. ನನ್ನ ಅಣ್ಣ ತೊಗರಿ ಬೆಳೆಯುವ ಒಕ್ಕಲಿಗ. 2016ರಲ್ಲಿ ಅವನ ಹರ್ನಿಯಾ ಶಸ್ತ್ರಚಿಕಿತ್ಸೆ ಇದೇ ಕಾರ್ಡಿನ ಮೇಲೆ ಕಲಬುರಗಿಯಲ್ಲಿ ಆಯಿತು. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ವಿಲೀನ ಮಾಡಿದರು. ಈ ಸುದ್ದಿ ಅಣ್ಣನಿಗೆ ಯಾರೂ ಹೇಳಲಿಲ್ಲ. 2019ರಲ್ಲಿ ಕಣ್ಣಿನ ಪೊರೆಗೆ ಹೋದಾಗ ಟ್ರಂಕಿನೊಳಗಿನ ಹಳೆಯ ಕಾರ್ಡು ತಗೊಂಡು ಹೋದ, ನಡೆಯುವ ರೇಷನ್ ಕಾರ್ಡನ್ನು ಮನೆಯಲ್ಲೇ ಬಿಟ್ಟುಹೋದ!

ಸಂತೋಷದ ಮಾತೆಂದರೆ 2023ರ ಜನವರಿ 1ರಿಂದ ಯಶಸ್ವಿನಿ ಮತ್ತೆ ಬಂತು. ಗ್ರಾಮೀಣ ಸಂಘಗಳ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂ., ಮೇಲಿನ ಪ್ರತಿಯೊಬ್ಬರಿಗೆ 100 ರೂ. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರಕಾರ ಕಟ್ಟುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ಮಿತಿ, ಪಟ್ಟಿಯಲ್ಲಿ 1,600ಕ್ಕೂ ಹೆಚ್ಚು ಚಿಕಿತ್ಸೆಗಳಿವೆ. ಆದರೆ ಪಟ್ಟಿಯಲ್ಲಿ ಇಲ್ಲದ ಚಿಕಿತ್ಸೆಗೆ, ಜಾಲದಲ್ಲಿ ಇಲ್ಲದ ಆಸ್ಪತ್ರೆಗೆ ಇದು ನಡೆಯುವುದಿಲ್ಲ. ತಿಂಗಳಾ ನುಂಗುವ ಗುಳಿಗಿ ರೊಕ್ಕ ಇದರಿಂದ ಬರುವುದಿಲ್ಲ. ನೋಂದಣಿಯ ದಿನ ತಪ್ಪಿದರೆ ಆ ವರ್ಷ ತಪ್ಪಿದಂತೆಯೇ.

ಮೂರನೆಯದು ಕಂಪನಿಗಳ ಪಾಲಿಸಿ. ಪಿಂಚಣಿ ಇರುವವರು, ಮಕ್ಕಳು ನೌಕರಿಯಲ್ಲಿ ಇರುವವರು ಇದನ್ನು ಮೇಲು ಆಸರೆಯಾಗಿ ತೆಗೆದುಕೊಳ್ಳುತ್ತಾರೆ. ಇಲ್ಲಿ ಎಷ್ಟು ಲಕ್ಷದ ಪಾಲಿಸಿ ಎಂಬುದೊಂದನ್ನೇ ನೋಡಿ ಮೋಸ ಹೋಗಬಾರದು. ಸಹಪಾವತಿ ಶೇ. 20 ಎಂದು ಬರೆದಿದ್ದರೆ, 2 ಲಕ್ಷದ ಬಿಲ್ಲಿನಲ್ಲಿ 40 ಸಾವಿರ ನಿಮ್ಮ ಕಿಸೆಯದು. ಕೋಣೆ ಬಾಡಿಗೆ ದಿನಕ್ಕೆ ಶೇ. 1 ಎಂದು ಇದ್ದರೆ, 3 ಲಕ್ಷದ ಪಾಲಿಸಿಗೆ 3,000 ರೂ. ಕೋಣೆ. 6,000ದ ಕೋಣೆ ಹಿಡಿದರೆ ಡಾಕ್ಟರ ಫೀಜಿನಂಥ ಬೇರೆ ಬಾಬುಗಳನ್ನೂ ಅದೇ ಪ್ರಮಾಣದಲ್ಲಿ ಕಡಿಯಬಹುದು.

ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್ ಎಂಬ ಎರಡು ಹೆಸರು ಕೇಳುತ್ತೀರಿ. ಎರಡರಲ್ಲೂ ಮೊದಲ 3 ಲಕ್ಷ ನಿಮ್ಮದು, ಅದರ ಮೇಲಿನದು ಕಂಪನಿಯದು ಎಂದು ಇಟ್ಟುಕೊಳ್ಳಿ. ಒಂದೇ ಪಾಲಿಸಿ ವರ್ಷದಲ್ಲಿ ಆಷಾಢಕ್ಕೆ ಹೃದಯಕ್ಕೆ 2 ಲಕ್ಷ, ದೀಪಾವಳಿಗೆ ಕಾಲು ಮುರಿದು 2 ಲಕ್ಷ ಆಯಿತು. ಸಾದಾ ಟಾಪ್-ಅಪ್ ಒಂದೊಂದು ಬಿಲ್ಲನ್ನು ಬೇರೆ ಬೇರೆ ನೋಡುತ್ತದೆ. ಯಾವುದೂ 3 ಲಕ್ಷ ದಾಟಲಿಲ್ಲ, ಒಂದು ಪೈಸೆ ಬರುವುದಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಲೆಕ್ಕ ಕೂಡಿಸುತ್ತದೆ. 4 ಲಕ್ಷವಾಯಿತು, 1 ಲಕ್ಷ ಬರುತ್ತದೆ. ಆದರೆ ಕೆಳಗಿನ 3 ಲಕ್ಷ ಎಲ್ಲಿಂದ ತರತೀರಿ ಎಂಬುದನ್ನು ಮೊದಲು ಗೊತ್ತು ಮಾಡಿಕೊಂಡೇ ಇದನ್ನು ಕೊಳ್ಳಬೇಕು.

ಇತ್ತೀಚೆಗೆ ವೃದ್ಧರಿಗೆ ಅನುಕೂಲವಾದ ನಿಯಮಗಳೂ ಬಂದಿವೆ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಪಾಲಿಸಿಯ ಬಾಗಿಲು ತೆರೆಯಿತು. ಮೊದಲೇ ಇದ್ದ, ಅರ್ಜಿಯಲ್ಲಿ ತಿಳಿಸಿದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ. ಅಂದರೆ ನಿಜ ಬರೆದಿದ್ದರೆ ಕಾಯಬೇಕು, ಅಷ್ಟೇ. ಸುಳ್ಳು ಬರೆದರೆ ಎಲ್ಲವೂ ಹೋಗುತ್ತದೆ. 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ತನ್ನನ್ನು ಕೇಳದೆ ಹಿರಿಯರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬಾರದೆಂದು ಕಂಪನಿಗಳಿಗೆ ಹೇಳಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿ.ಎಸ್.ಟಿ. ಹೋಯಿತು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಓದಿ, ಬೇಡವೆನಿಸಿದರೆ ಮರಳಿಸಬಹುದು. ಕ್ಲೇಮಿನ ತಕರಾರಿದ್ದರೆ ಮೊದಲು ಕಂಪನಿಗೆ ಬರೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.

ಆದ್ದರಿಂದ ಹೋಲಿಸುವಾಗ ನಾಲ್ಕು ಮಾತು ಕೇಳಿರಿ: ನನ್ನ ಬ್ಯಾನಿ ಇದರಲ್ಲಿ ಇದೆಯೆ? ನಾನು ಹೋಗುವ ದವಾಖಾನಿ ಇದೆಯೆ? ನನ್ನ ಕಿಸೆಯಿಂದ ಎಷ್ಟು? ನವೀಕರಣದ ದಿನ ಯಾವುದು? ದವಾಖಾನಿ ದೂರ ಹುಡುಕಬೇಕೆಂದೇನೂ ಇಲ್ಲ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿಯೇ ಉದ್ಘಾಟನೆಯಾಗಿದೆ. ಸೊಲ್ಲಾಪುರಕ್ಕೆ ಓಡುವ ಮೊದಲು ನಿಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೆ ಎಂದು ಕೇಳಿರಿ.

ಕೊನೆಗೆ ಆಡಳಿತ ಮಂಡಳಿಗೆ ನನ್ನ ವಿನಂತಿ. ಅರವತ್ತು ದಾಟಿದ ಸದಸ್ಯರದೊಂದು ವಹಿ ಮಾಡಿರಿ. ಯಾರ ಬಳಿ ಯಾವ ಕಾರ್ಡಿದೆ, ಯಾವಾಗ ಮುಗಿಯುತ್ತದೆ ಎಂದು ಬರೆದಿಡಿರಿ. ಯಶಸ್ವಿನಿ ನೋಂದಣಿ ಮುಗಿಯುವ ಹದಿನೈದು ದಿನ ಮೊದಲು ಊರಲ್ಲಿ ಡಂಗುರ ಹೊಡೆಸಿರಿ. ಯಾರಾದರೂ ಪಾಲಿಸಿ ಅರ್ಜಿ ತಂದರೆ ಸಹಿ ಮಾಡುವ ಮೊದಲು ಸಂಘದ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದೋಣ. ಓದುವ ಕೆಲಸ ನನಗೆ ಬಿಡಿರಿ. ಕಣ್ಣು ಇರುವ ತನಕ ಬರುತ್ತೇನೆ. ಆ ಒಂದು ಲಕ್ಷ ಸಾಲ ಕಳೆದ ವರ್ಷ ತೀರಿತು. ಕಷ್ಟದಲ್ಲಿ ಕೈ ಹಿಡಿದ ಸಂಘಕ್ಕೆ ಇನ್ನುಳಿದ ಋಣವನ್ನು ಹೀಗೆ ತೀರಿಸುತ್ತೇನೆ.

 ಜೈ ಸಹಕಾರ.