ಬೆಂಕಿಯ ಪಾಠ

ಅರಗಿನ ಮನೆಯ ಕಥೆಯನ್ನು ಕೇಳದ ಮಗು ನಮ್ಮ ಮಲೆನಾಡಿನಲ್ಲಿ ಅಪರೂಪ. ಬಯಲಾಟ, ಗಮಕ ವಾಚನ, ಅಜ್ಜಿಯ ಬಾಯಿ, ಯಾವುದಾದರೊಂದು ದಾರಿಯಿಂದ ಅದು ಕಿವಿಗೆ ಬಿದ್ದೇ ಇರುತ್ತದೆ. ವಾರಣಾವತಕ್ಕೆ ಹೊರಟ ಪಾಂಡವರಿಗೆ ವಿದುರನು ಮರ್ಮದ ಮಾತಿನಲ್ಲಿ ಎಚ್ಚರಿಕೆ ಕೊಟ್ಟ. ಬಿಲದೊಳಗಿನ ಜೀವಿಯನ್ನು ಕಾಡ್ಗಿಚ್ಚು ಸುಡಲಾರದೆಂದ. ತಿರುಗಾಡಿದವನಿಗೆ ದಾರಿ ತಿಳಿಯುತ್ತದೆಂದ. ಅನಂತರ ಸುರಂಗ ತೋಡುವವನೊಬ್ಬನನ್ನೂ ಕಳುಹಿಸಿದ. ಪಾಂಡವರು ಹಗಲೆಲ್ಲ ಬೇಟೆಯ ನೆಪದಲ್ಲಿ ಸುತ್ತಲ ಹಾದಿಗಳನ್ನು ನಡೆದು ನೋಡಿಕೊಂಡರು. ಮನೆಗೆ ಕಿಚ್ಚಿಟ್ಟ ರಾತ್ರಿ ಅವರು ಉಳಿದದ್ದು ಭೀಮನ ತೋಳ್ಬಲದಿಂದ ಮಾತ್ರವಲ್ಲ, ಈ ಪೂರ್ವಸಿದ್ಧತೆಯಿಂದ. ಆದರೆ ಅದೇ ರಾತ್ರಿ, ಅದೇ ಮನೆಯಲ್ಲಿ, ಊಟಕ್ಕೆಂದು ಬಂದು ಮಲಗಿದ್ದ ಬೇಡಿತಿಯೊಬ್ಬಳೂ ಅವಳ ಐವರು ಮಕ್ಕಳೂ ಬೂದಿಯಾದರು. ಸುರಂಗದ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಕವಿಗಳು ಆ ಆರು ಮಂದಿಯನ್ನು ಬೇಗ ದಾಟಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಶಾಲೆಯ ಮಕ್ಕಳನ್ನು ಕಂಡಾಗಲೆಲ್ಲ ಅವರ ನೆನಪಾಗುತ್ತದೆ. ಎಲ್ಲಿ ಕೂರಬೇಕೆಂದು ನಾವು ಹೇಳುತ್ತೇವೋ ಅಲ್ಲಿ ಮಕ್ಕಳು ಕೂರುತ್ತಾರೆ. ಆ ಕೋಣೆಯಿಂದ ಹೊರಬೀಳುವ ದಾರಿ ಯಾವುದೆಂದು ಅವರಿಗೆ ಹೇಳಿದವರು ಎಷ್ಟು ಜನ?

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಉರಿಗೆ ಸಿಕ್ಕವರಂತೆ ಕಾಲ್ತುಳಿತಕ್ಕೆ ಸಿಕ್ಕವರೂ ಇದ್ದರು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಚಪ್ಪರ ಹೊತ್ತಿಕೊಂಡಿತು. ನಾನೂರಕ್ಕೂ ಹೆಚ್ಚು ಜೀವಗಳು ಹೋದವು. ಮಕ್ಕಳ ಕುಣಿತ ನೋಡಲು ಬಂದ ತಾಯಂದಿರು ಮಕ್ಕಳೊಡನೆಯೇ ಹೋದರು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ನಡೆದದ್ದಂತೂ ನಮ್ಮ ಎದೆಗೆ ಇನ್ನೂ ಹತ್ತಿರದ್ದು. ಮಧ್ಯಾಹ್ನದ ಊಟಕ್ಕಾಗಿ ಹೊತ್ತಿಸಿದ ಒಲೆಯ ಬೆಂಕಿ ಹುಲ್ಲಿನ ಮಾಡಿಗೆ ಹಾರಿತು. ಮಾಡಿನ ಕೆಳಗೆ ತರಗತಿ ನಡೆಯುತ್ತಿತ್ತು. ಇಳಿದು ಬರಲು ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. 94 ಮಕ್ಕಳು ತೀರಿಕೊಂಡರು. ಹಸಿದ ಮಗುವಿಗೆ ಅನ್ನ ಬೇಯಿಸಲು ಹೊತ್ತಿಸಿದ ಬೆಂಕಿ ಅದು ಎಂಬುದನ್ನು ನೆನೆದರೆ ಮಾತು ನಿಲ್ಲುತ್ತದೆ.

ಇಷ್ಟು ದೂರದ ಮಾತು ನರಸಿಂಹರಾಜಪುರ ತಾಲ್ಲೂಕಿನ ಸೀತೂರಿಗೇಕೆ ಎಂದು ಕೇಳುವವರುಂಟು. ಮಳೆಯ ಸೀಮೆ, ನೀರಿನ ನಾಡು, ಇಲ್ಲಿ ಬೆಂಕಿಯ ಭಯವೆಲ್ಲಿ ಎಂಬುದು ಅವರ ತರ್ಕ. ಆಷಾಢದಲ್ಲಿ ನಿಂತು ಹೇಳುವ ಮಾತದು. ಫಾಲ್ಗುಣದಲ್ಲಿ ಬಂದು ನೋಡಬೇಕು. ಸೊಪ್ಪಿನ ಬೆಟ್ಟದ ದರಗು ಕಾಲಿಟ್ಟರೆ ಚುರುಗುಟ್ಟುತ್ತದೆ. ಸೋಗೆ ಹೊದಿಸಿದ ಮನೆಗಳ ಕಾಲದಲ್ಲಿ ಬೇಸಿಗೆಯೆಂದರೆ ಊರಿಗೆ ಊರೇ ಕಿಡಿಗೆ ಹೆದರಿ ಬದುಕುತ್ತಿತ್ತು. ಈಗ ಸೋಗೆ ಹೋಗಿ ಹಂಚು, ತಾರಸಿ ಬಂದಿವೆ, ಬೆಂಕಿ ಹೋಗಿಲ್ಲ. ಬಚ್ಚಲ ಒಲೆಯಿದೆ, ಅಡಕೆ ಬೇಯಿಸುವ ಹಂಡೆಯ ಕೆಳಗಿನ ಉರಿಯಿದೆ, ಕೊಟ್ಟಿಗೆಯ ಪಕ್ಕದ ಹುಲ್ಲಿನ ಬಣವೆಯಿದೆ. ಶಾಲೆಗಳಲ್ಲಿ ಬಿಸಿಯೂಟದ ಗ್ಯಾಸ್ ಸಿಲಿಂಡರು ಬಂದಿದೆ. ಅಗ್ನಿಶಾಮಕ ದಳದ ವಾಹನ ಎಲ್ಲಿಂದ ಹೊರಟರೂ ತಿರುವು, ಏರು, ಇಳಿತಗಳನ್ನು ದಾಟಿಯೇ ಬರಬೇಕಾದ ಊರುಗಳಿವು. ಮೊದಲ ಹತ್ತು ನಿಮಿಷ ಊರಿನವರದೇ, ಶಾಲೆಯದೇ.

ಹಾಗಾದರೆ ಮಕ್ಕಳಿಗೆ ಏನು ಕಲಿಸಬೇಕು? ಉರುವಲು, ಗಾಳಿ, ಕಾವು, ಈ ಮೂರೂ ಕೂಡಿದರೆ ಬೆಂಕಿ, ಒಂದನ್ನು ತೆಗೆದರೆ ಇಲ್ಲ, ಎಂಬುದು ವಿಜ್ಞಾನದ ಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕವೂ ಸಿಗುತ್ತದೆ. ಆದರೆ ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ಅದೇ ಹುಡುಗ ಕೊಡದ ನೀರನ್ನು ತಂದು ಸುರಿಯುತ್ತಾನೆ. ನೀರು ಎಣ್ಣೆಗಿಂತ ಭಾರ. ಕೆಳಗಿಳಿದು ಕ್ಷಣದಲ್ಲಿ ಹಬೆಯಾಗುತ್ತದೆ. ಹಬೆಯಾದ ನೀರು ಸುಮಾರು 1700 ಪಟ್ಟು ಹಿಗ್ಗಿ ಉರಿಯುವ ಎಣ್ಣೆಯನ್ನು ಮಾಡಿನವರೆಗೆ ಎರಚುತ್ತದೆ. ಅಲ್ಲಿ ಬೇಕಾದದ್ದು ನೀರಲ್ಲ, ಒಂದು ಮುಚ್ಚಳ. ಉರುವಲು ಮತ್ತು ಗಾಳಿಯ ಪಾಠಕ್ಕೆ ಅರ್ಥ ಬರುವುದು ಆ ಮುಚ್ಚಳದಲ್ಲಿ. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ವಾಸನೆ ಬಂದಾಗ ದೀಪದ ಗುಂಡಿಯನ್ನು ಮುಟ್ಟದೆ ಬಾಗಿಲು ಕಿಟಕಿ ತೆರೆದು ಹೊರಗೆ ನಡೆಯಬೇಕು. ಹೊಗೆ ಇದಕ್ಕೆ ವಿರುದ್ಧ, ಅದು ಮೇಲೇರುತ್ತದೆ. ಆದುದರಿಂದ ಹೊಗೆ ತುಂಬಿದ ಕೋಣೆಯಲ್ಲಿ ಅಂಬೆಗಾಲಿಟ್ಟು ಹೊರಬರಬೇಕು. ಬೆಂಕಿಯಲ್ಲಿ ಸಾಯುವವರಲ್ಲಿ ಅನೇಕರನ್ನು ಕೊಲ್ಲುವುದು ಜ್ವಾಲೆಯಲ್ಲ, ಹೊಗೆ.

ಬಟ್ಟೆಗೆ ಬೆಂಕಿ ಹತ್ತಿದ ಮಗು ಓಡುತ್ತದೆ. ಓಡಿದಷ್ಟೂ ಗಾಳಿ, ಗಾಳಿ ತಗುಲಿದಷ್ಟೂ ಉರಿ. ನಿಲ್ಲು, ನೆಲಕ್ಕೆ ಬೀಳು, ಹೊರಳಾಡು ಎಂಬುದನ್ನು ಮೈಗೆ ಕಲಿಸಬೇಕು, ಬಾಯಿಗಲ್ಲ. ನಮ್ಮ ಮನೆಗಳ ಉಣ್ಣೆಯ ಕಂಬಳಿ ಇಂಥ ಹೊತ್ತಿನಲ್ಲಿ ದೊಡ್ಡ ಆಯುಧ; ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದು. ಸುಟ್ಟ ಗಾಯಕ್ಕೆ ಶಾಯಿ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು ಮೆತ್ತುವ ರೂಢಿಯನ್ನು ಮಾತ್ರ ಬಿಡಿಸಲೇಬೇಕು. ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡುವುದೇ ಮೊದಲ ಉಪಚಾರ. ಮಲೆನಾಡಿನಲ್ಲಿ ಅದಕ್ಕೆ ಬಡತನವಿಲ್ಲ.

ಇದನ್ನೆಲ್ಲ ಹೇಳಿದರೆ ಎಳೆಯ ಮನಸ್ಸು ಹೆದರೀತು ಎಂದು ಕೆಲವು ಹಿರಿಯರು ಆಕ್ಷೇಪಿಸುತ್ತಾರೆ. ಕೊಳ್ಳಿದೆವ್ವದ ಕಥೆ ಹೇಳಿ ಮಕ್ಕಳನ್ನು ಮಲಗಿಸುವ ನಾವು ಈ ಮಾತು ಆಡುವುದು ವಿಚಿತ್ರ. ದಾರಿ ಗೊತ್ತಿಲ್ಲದವನಿಗೇ ಹೆದರಿಕೆ ಹೆಚ್ಚು. ಇನ್ನು ಹೊತ್ತಿಲ್ಲ, ಪಠ್ಯ ಮುಗಿಯುವುದಿಲ್ಲ ಎನ್ನುವವರಿಗೆ ಕಾನೂನಿನ ಮಾತನ್ನೂ ನೆನಪಿಸಬೇಕಾಗುತ್ತದೆ. ಕುಂಭಕೋಣದ ದುರಂತದ ಹಿನ್ನೆಲೆಯ ಅರ್ಜಿಯೊಂದರ ಮೇಲೆ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲ್ 13ರಂದು ಕೊಟ್ಟ ತೀರ್ಪಿನಲ್ಲಿ, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತವಾದ ಶಾಲೆಯ ಹಕ್ಕೂ ಸೇರಿದೆಯೆಂದು ಹೇಳಿ, ಬೆಂಕಿ ಆರಿಸುವ ಸಲಕರಣೆಗಳಿರಬೇಕು, ಅವನ್ನು ಬಳಸಲು ಶಿಕ್ಷಕರಿಗೂ ಸಿಬ್ಬಂದಿಗೂ ತರಬೇತಿಯಾಗಬೇಕು ಎಂದು ವಿಧಿಸಿತು. ಸಿಬ್ಬಂದಿ ಎಂಬ ಆ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಬಿಸಿಯೂಟ ಬೇಯಿಸುವ ಹೆಂಗಸರು ದಿನವೂ ಒಲೆಯ ಮುಂದೆ ನಿಲ್ಲುವವರು. ಗೋಡೆಯ ಮೇಲಿನ ಕೆಂಪು ಸಿಲಿಂಡರಿನ ಗುಟ್ಟು ಮುಖ್ಯೋಪಾಧ್ಯಾಯರಿಗೆ ಮಾತ್ರ ತಿಳಿದಿದ್ದರೆ ನಾವು ಮತ್ತೆ ಬೇಡಿತಿಗೆ ಸುರಂಗದ ಸುದ್ದಿ ಹೇಳದೆ ಉಳಿದಂತೆಯೇ.

ಕಾಡಿನ ಬೆಂಕಿಯದು ಬೇರೊಂದು ಭಾಷಣಕ್ಕೆ ಆಗುವಷ್ಟು ಮಾತು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚು ಅರಣ್ಯ ರಕ್ಷಕರೊಬ್ಬರ ಪ್ರಾಣವನ್ನೇ ತೆಗೆದುಕೊಂಡಿತು. 2019ರ ಫೆಬ್ರವರಿಯಲ್ಲಿ ಅದೇ ಕಾಡು ಮತ್ತೆ ಉರಿಯಿತು. ಬೇಸಿಗೆಗೆ ಮುನ್ನ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಬಿಡಿಸುವುದನ್ನು ಮಕ್ಕಳಿಗೆ ಒಂದು ದಿನ ಕರೆದೊಯ್ದು ತೋರಿಸಿದರೆ, ಎಸೆದ ಬೀಡಿಯ ತುಂಡಿನ ಬೆಲೆಯೇನೆಂಬುದನ್ನು ಅವರೇ ಮನೆಯಲ್ಲಿ ಹೇಳಿಯಾರು.

ಕೊನೆಗೆ ಗಂಟೆಯ ವಿಚಾರ. ಪಾಠದ ಗಂಟೆಗಿಂತ ಭಿನ್ನವಾಗಿ, ಬಿಡದೆ ಬಾರಿಸುವ ಗಂಟೆಯೊಂದು ಇರಬೇಕು. ಕೇಳಿದೊಡನೆ ಚೀಲ ಪುಸ್ತಕಗಳನ್ನು ಬಿಟ್ಟು ಸಾಲಾಗಿ ಹೊರಗೆ ಬಂದು, ಗೊತ್ತುಮಾಡಿದ ಮರದಡಿ ನಿಲ್ಲಬೇಕು. ಉಪಾಧ್ಯಾಯರು ಹಾಜರಿ ಪುಸ್ತಕ ಹಿಡಿದು ಬಂದು ಹೆಸರು ಕೂಗಿ ಎಣಿಸಬೇಕು. ಹಿರಿಯ ಮಕ್ಕಳಿಗೆ 101 ಮತ್ತು 112ರ ಸಂಖ್ಯೆಗಳೊಡನೆ, ತಮ್ಮ ಶಾಲೆಗೆ ಬರುವ ದಾರಿಯನ್ನು ಪರಊರಿನವರಿಗೆ ಅರ್ಥವಾಗುವಂತೆ ಹೇಳುವ ಅಭ್ಯಾಸವೂ ಆಗಬೇಕು. ಈ ಅಭ್ಯಾಸಗಳಲ್ಲಿ ಒಂದನ್ನಾದರೂ ಮಳೆಗಾಲದಲ್ಲಿ, ಮಳೆ ಸುರಿಯುತ್ತಿರುವಾಗಲೇ ನಡೆಸಬೇಕೆಂಬುದು ನನ್ನ ಸಲಹೆ. ನಮ್ಮ ಸೀಮೆಯ ಮಕ್ಕಳಿಗೆ ಹೊರಗೆ ಹೋಗುವುದೆಂದರೆ ಮೊದಲು ಕೊಡೆಯ ನೆನಪು. ಬಾಗಿಲವರೆಗೆ ಬಂದವರು ಕೊಡೆಗಾಗಿ ಒಳಗೆ ತಿರುಗುತ್ತಾರೆ. ನೆನೆದರೂ ಸರಿ, ತಿರುಗಬಾರದೆಂಬುದನ್ನು ಅವರು ಒಮ್ಮೆ ನೆನೆದೇ ಕಲಿಯಲಿ.