ತಾಯಿ ಕೊಟ್ಟ ವಿದ್ಯೆ, ಮಗ ಉಳಿಸಿದ ಹಾಡು
(ಬೆಳೆಗಾರ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ನಾಟಿ, ಗೊಬ್ಬರ, ಕಟಾವು, ದರ ಇವುಗಳ ಮಾತೇ ನಡೆಯುತ್ತದೆ. ಅದು ನಮ್ಮ ಹೊಟ್ಟೆಯ ಮಾತು, ನಡೆಯಲೇಬೇಕು. ಆದರೆ ಇಂದು ನಮ್ಮ ಸೀಮೆಯ ಒಬ್ಬ ತಾಯಿಯನ್ನೂ ಆಕೆಯ ಮಗನನ್ನೂ ನೆನೆಯಲು ತಾವು ನನಗೆ ಅವಕಾಶ ಕೊಟ್ಟಿದ್ದೀರಿ. ತಾಯಿ ಅಲಮೇಲುಮಂಗಮ್ಮನವರು. ಮಗ ಸಂಗೀತ ಮತ್ತು ಸಾಹಿತ್ಯ ಎರಡರಲ್ಲೂ ಹಿರಿಯ ವಿದ್ವಾಂಸರೆನಿಸಿದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು.

ರಾಯದುರ್ಗದಿಂದ ಮಡಕಶಿರದ ಕಡೆಗೆ ಹೊರಟರೆ ನಡುವೆ ಕಲ್ಯಾಣದುರ್ಗದ ಸೀಮೆ ಬರುತ್ತದೆ. ಅಲ್ಲಿಯ ಕಂಬದೂರು ಮಂಡಲದಲ್ಲಿದೆ ರಾಳ್ಲಪಲ್ಲಿ. ನಮ್ಮ ಈ ಪ್ರದೇಶದ ಗಡಿಗಳು ಹಲವು ಸಲ ಬದಲಾಗಿವೆ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗಡಿ ಎಲ್ಲಿಗೆ ಸರಿದರೂ ಜನರ ಬಾಯಲ್ಲಿ ಕನ್ನಡವೂ ತೆಲುಗೂ ಅಕ್ಕತಂಗಿಯರಂತೆ ಕೂಡಿಯೇ ಬಾಳಿವೆ. ಶರ್ಮರ ಬಾಳೂ ಹಾಗೆಯೇ ಎರಡು ಭಾಷೆಗಳ ಬಾಳು.

ಅವರು ಹುಟ್ಟಿದ್ದು 1893ರ ಜನವರಿ 23ರಂದು. ತಂದೆ ಕೃಷ್ಣಮಾಚಾರ್ಯರು. ಸಂಸ್ಕೃತ, ತೆಲುಗುಗಳ ಪಾಠ ತಂದೆಯಿಂದ ಆಯಿತು. ಸಂಗೀತದ ಮೊದಲ ಪಾಠ ಮಾತ್ರ ತಾಯಿಯಿಂದ. ಈ ಒಂದು ಸಂಗತಿಯನ್ನು ತಾವೆಲ್ಲರೂ ಮನಸ್ಸಿನಲ್ಲಿಡಬೇಕು. ಗೃಹಸ್ಥರ ಮನೆಯ ಹೆಂಗಸರು ಸಭೆಯಲ್ಲಿ ಕುಳಿತು ಹಾಡದಿದ್ದ ಕಾಲ ಅದು. ಅಲಮೇಲುಮಂಗಮ್ಮನವರಿಗೆ ಬಿರುದಿಲ್ಲ, ಶಾಲು ಹೊದಿಸಿದವರಿಲ್ಲ. ಅವರ ವಿದ್ಯೆಗೆ ಮಗನ ಕಿವಿಯೇ ಸಭೆ.

ಹುಡುಗ ಚಿಕ್ಕ ವಯಸ್ಸಿನಲ್ಲೇ ಮೈಸೂರಿಗೆ ಹೋದರು. ಅಲ್ಲಿ ಪರಕಾಲ ಮಠದ ಶ್ರೀ ಕೃಷ್ಣಬ್ರಹ್ಮತಂತ್ರ ಸ್ವಾಮಿಗಳ ಬಳಿ ಸಂಸ್ಕೃತ ಓದಿದರು. ಬಿಡಾರಂ ಕೃಷ್ಣಪ್ಪನವರಂಥ ವಿದ್ವಾಂಸರಲ್ಲಿ ಸಂಗೀತ ಕಲಿತರು. 1912ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಮಹಾರಾಜಾ ಕಾಲೇಜಿನಲ್ಲಿ ತೆಲುಗು ಅಧ್ಯಾಪಕರಾದರು. 1949ರವರೆಗೂ ಅಲ್ಲಿಯೇ ಪಾಠ ಹೇಳಿದರು. ತೆಲುಗಿನಲ್ಲಿ ವೇಮನನನ್ನು ಕುರಿತ ಅವರ ಉಪನ್ಯಾಸಗಳು ಹೆಸರಾಗಿವೆ. ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಎಂಬ ಪುಸ್ತಕಗಳನ್ನು ಬರೆದರು.

ಮೈಸೂರಿನ ಕೆಲಸ ಮುಗಿದ ಮೇಲೆ ಅನೇಕರು ವಿಶ್ರಾಂತಿ ಬಯಸುತ್ತಾರೆ. ಶರ್ಮರ ಬಹು ದೊಡ್ಡ ಕೆಲಸ ಆರಂಭವಾದದ್ದೇ ಆಗ. ತಿರುಪತಿಯಲ್ಲಿ ತಾಳಪಾಕದ ಅನ್ನಮಾಚಾರ್ಯರ ಹಾಡುಗಳ ಕೆಲಸ ಅವರನ್ನು ಕರೆಯಿತು. ಅನ್ನಮಾಚಾರ್ಯರು 15ನೆಯ ಶತಮಾನದವರು. ತಿರುಮಲೆಯ ಸ್ವಾಮಿಯನ್ನೂ ಅಲಮೇಲುಮಂಗೆಯನ್ನೂ ಹಾಡಿದವರು. ಶರ್ಮರ ತಾಯಿಯ ಹೆಸರೂ ಅದೇ ಆಗಿತ್ತೆಂಬುದು ಎಂಥ ಯೋಗ! ಅನ್ನಮಾಚಾರ್ಯರ ಹಾಡುಗಳನ್ನು ಅವರ ಮಗ ಪೆದ್ದ ತಿರುಮಲಾಚಾರ್ಯರ ಕಾಲದಲ್ಲಿ ತಾಮ್ರದ ಹಾಳೆಗಳ ಮೇಲೆ ಕೆತ್ತಿಸಿದರು. ಆ ಹಾಳೆಗಳು ತಿರುಮಲೆಯ ದೇವಸ್ಥಾನದ ಒಂದು ಕೋಣೆಯಲ್ಲಿ ನೂರಾರು ವರ್ಷ ಮರೆತುಹೋಗಿದ್ದವು. 20ನೆಯ ಶತಮಾನದಲ್ಲಿ ಅವು ಹೊರಬಂದಾಗ ವೇಟೂರಿ ಪ್ರಭಾಕರ ಶಾಸ್ತ್ರಿಗಳು ಮೊದಲಾದವರು ಅವುಗಳನ್ನು ಓದಿ ಅಚ್ಚು ಮಾಡಿಸಲು ದುಡಿದರು. ಶಾಸ್ತ್ರಿಗಳು 1950ರಲ್ಲಿ ತೀರಿಕೊಂಡರು. ಆ ಭಾರ ಶರ್ಮರ ಹೆಗಲಿಗೆ ಬಂತು.

ಬಂಧುಗಳೇ, ಇಲ್ಲಿ ಒಂದು ಕಷ್ಟವಿತ್ತು. ತಾಮ್ರದ ಹಾಳೆಯಲ್ಲಿ ಹಾಡಿನ ಮಾತಿತ್ತು, ಮೇಲೆ ರಾಗದ ಹೆಸರೂ ಇತ್ತು. ಆದರೆ ಆ ಹಾಡನ್ನು ಹೇಗೆ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ತೋರಿಸುವ ಸ್ವರ ಇರಲಿಲ್ಲ. ತಾಮ್ರ ಮಾತನ್ನು ಉಳಿಸಿತು, ಧಾಟಿಯನ್ನು ಉಳಿಸಲಿಲ್ಲ. ಧಾಟಿ ಉಳಿಯುವುದು ಕಂಠದಿಂದ ಕಂಠಕ್ಕೆ ದಾಟಿದರೆ ಮಾತ್ರ. ನಡುವೆ ಒಂದು ತಲೆಮಾರು ಬಾಯಿ ಮುಚ್ಚಿದರೆ ಎಳೆ ಕಡಿಯಿತೆಂದೇ ಅರ್ಥ. ಶರ್ಮರು ನೂರಕ್ಕೂ ಹೆಚ್ಚು ಹಾಡುಗಳಿಗೆ ತಾವೇ ಸ್ವರ ಕೂಡಿಸಿ ಮತ್ತೆ ಹಾಡುವಂತೆ ಮಾಡಿದರು. ಪಂಡಿತರಿಗೆ ಭಾಷೆ ಗೊತ್ತಿತ್ತು, ಗಾಯಕರಿಗೆ ರಾಗ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಬಲ್ಲವರು ವಿರಳ. ಒಂದನ್ನು ತಂದೆಯಿಂದಲೂ ಇನ್ನೊಂದನ್ನು ತಾಯಿಯಿಂದಲೂ ಪಡೆದ ಮನುಷ್ಯನಿಂದ ಆ ಕೆಲಸ ಆಯಿತು.

1974ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದು ಕೊಟ್ಟಿತು. 1979ರ ಮಾರ್ಚ್ 11ರಂದು ತಿರುಮಲ ತಿರುಪತಿ ದೇವಸ್ಥಾನ ‘ಆಸ್ಥಾನ ವಿದ್ವಾನ್’ ಗೌರವ ಸಲ್ಲಿಸಿತು. ಅದೇ ದಿನ ಅವರು ಕಣ್ಣು ಮುಚ್ಚಿದರು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನೆಟ್ಟ ಕಬ್ಬು ಕಡಿದ ಮೇಲೆ ಕೂಳೆ ಬೆಳೆ ಏಳುತ್ತದೆ. ಗಾಡಿಗೆ ಏರುವುದು ಮೇಲಿನ ಕಬ್ಬು. ಬೇರು ನೆಲದಲ್ಲೇ ಇರುತ್ತದೆ, ತೂಕದ ಚೀಟಿಯಲ್ಲಿ ಅದರ ಲೆಕ್ಕ ಬರುವುದಿಲ್ಲ. ಕೂಳೆ ಚೆನ್ನಾಗಿ ಬಂದರೆ ಬೇರು ಗಟ್ಟಿಯಾಗಿತ್ತೆಂದು ರೈತ ಬಲ್ಲ. ಮಗನಿಗೆ ಬಂದ ಬಿರುದುಗಳನ್ನು ಓದುವಾಗ ಆ ತಾಯಿಯನ್ನು ನಾವು ಹಾಗೆ ತಿಳಿಯಬೇಕು.

ಈಗ ನಮ್ಮ ಮನೆಗಳ ಮಾತು. ನಮ್ಮ ಅಜ್ಜಿಯರಿಗೆ, ಅತ್ತೆಯರಿಗೆ ಬೀಸುವ ಪದ, ಹಸೆಯ ಹಾಡು, ತೊಟ್ಟಿಲ ಹಾಡು, ಸೋಬಾನೆ ಇನ್ನೂ ನೆನಪಿವೆ. ಬೀಸುವ ಕಲ್ಲು ಮೂಲೆ ಸೇರಿತು, ಮದುವೆಗೆ ಧ್ವನಿವರ್ಧಕ ಬಂತು, ಹಾಡಲು ಸಂದರ್ಭವೇ ಇಲ್ಲವಾಯಿತು. ಆ ಹಾಡುಗಳನ್ನು ಯಾವ ತಾಮ್ರದ ಹಾಳೆಯಲ್ಲೂ ಯಾರೂ ಕೆತ್ತಿಲ್ಲ. ಹಾಡುವವರು ಹೋದರೆ ಮಾತೂ ಹೋಯಿತು, ಧಾಟಿಯೂ ಹೋಯಿತು. ಮುಂದೆ ಎಂಥ ವಿದ್ವಾಂಸರು ಹುಟ್ಟಿಬಂದರೂ ಮತ್ತೆ ಕಟ್ಟಿಕೊಡಲು ಕೈಯಲ್ಲಿ ಏನೂ ಇರುವುದಿಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಕಟಾವಿನ ಗಡಿಬಿಡಿ ಮುಗಿದ ಮೇಲೆ ಒಂದು ಸಂಜೆ ಮನೆಯ ಹಿರಿಯ ಹೆಂಗಸರ ಬಳಿ ಕುಳಿತುಕೊಳ್ಳಿ. ಅವರು ಒಪ್ಪಿದರೆ ಕೈಯಲ್ಲಿರುವ ಮೊಬೈಲಿನಲ್ಲಿ ಅವರ ದನಿಯನ್ನು ಹಿಡಿದಿಡಿ, ಬರೆದುಕೊಂಡರೆ ಸಾಲದು. ಹಾಡಿದವರ ಹೆಸರು, ಊರು, ಯಾವ ಸಂದರ್ಭದ ಹಾಡು, ಯಾರಿಂದ ಕಲಿತದ್ದು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಹಾಡು ಕನ್ನಡವೋ ತೆಲುಗೋ ಎಂದು ಆರಿಸಬೇಡಿ, ಎರಡೂ ನಮ್ಮವೇ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಒಂದು ಮಗುವಾದರೂ ಒಂದು ಹಾಡನ್ನು ಬಾಯಿಪಾಠ ಕಲಿಯಲಿ.

ಅಲಮೇಲುಮಂಗಮ್ಮನವರಿಗೂ ಅನಂತಕೃಷ್ಣ ಶರ್ಮರಿಗೂ ನಾವು ಸಲ್ಲಿಸಬಹುದಾದ ಗೌರವ ಇದೇ.